ಮಗ್ಗದ ಕುಣಿಯಲ್ಲಿ ಹಿರೇಮದ್ದು

ನಾನು ಸೊಸೆಯಾಗಿ ಬನಹಟ್ಟಿಗೆ ಬಂದ ವರ್ಷವೇ ನಮ್ಮ ಮಾವನವರ ನಿದ್ದೆ ಹಾರಿಹೋಯಿತು. ಇದಕ್ಕೆ ನನ್ನ ಕಾಲ್ಗುಣ ಕಾರಣವಿರಬಹುದೇ ಎಂದು ಓಣಿಯ ಹೆಂಗಸರು ಒಂದಿಷ್ಟು ದಿನ ಮಾತಾಡಿಕೊಂಡರಂತೆ. ಅತ್ತೆಯವರು ನಳದ ಕಟ್ಟೆಯ ಮೇಲೆ ಎಲ್ಲರೆದುರಿಗೇ ಆ ಸುದ್ದಿ ಮುಗಿಸಿದರು. "ನಿದ್ದಿ ಹೋಗಿದ್ದು ಸೊಸಿ ಬಂದಾಗ ಅಲ್ರೆವಾ, ಮಗ್ಗ ಹೋದಾಗ."

ಅದು ಖರೆ ಮಾತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರಿನ ಓಣಿಗಳಲ್ಲಿ ಒಂದೊಂದೇ ಮನೆಯಿಂದ ಕೈಮಗ್ಗ ಹೊರಗೆ ಹೋಗಿ ಪವರ್‌ಲೂಮ್ ಒಳಗೆ ಬರುತ್ತಿತ್ತು. ಮಾವನವರು ಸಣ್ಣವರಿದ್ದಾಗಿನಿಂದ ಕುಣಿಮಗ್ಗಕ್ಕೆ ಕೂತವರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕಾಲಲ್ಲಿ ಹಲಗೆ ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುತ್ತ ಸೀರೆ ನೇಯ್ದವರು. ನನ್ನ ಗಂಡ ಪವರ್‌ಲೂಮ್ ಹಾಕಿಸಿದ ದಿನ, "ಇನ್ನ ನೀವು ಆರಾಮ ಇರ್ರಿ ಅಪ್ಪಾ" ಎಂದು ಪ್ರೀತಿಯಿಂದಲೇ ಹೇಳಿದರು. ಆ ಆರಾಮವೇ ಮಾವನವರಿಗೆ ದೊಡ್ಡ ಕಾಟವಾಯಿತು.

ಕೂತಲ್ಲಿ ಕೂಡಲಾರರು, ನಿಂತಲ್ಲಿ ನಿಲ್ಲಲಾರರು. ಮಧ್ಯಾಹ್ನ ಕಟ್ಟೆಯ ಮೇಲೆ ಕೂತಾಗ ಅವರ ಕಾಲು ತಾವೇ ನೆಲವನ್ನು ತುಳಿಯುತ್ತಿದ್ದವು. ಎದೆ ಢವಢವ ಎನ್ನುತ್ತದೆ ಎನ್ನುವರು. ರೊಟ್ಟಿ ದಪ್ಪಾಯಿತು, ಝುಣಕಕ್ಕೆ ಉಪ್ಪು ಸಾಲದು, ಬಾಗಿಲು ಯಾಕೆ ತೆರೆದಿದೆ, ಯಾಕೆ ಮುಚ್ಚಿದೆ ಎಂದು ಎಲ್ಲದಕ್ಕೂ ಸಿಡಿಮಿಡಿ. ರಾತ್ರಿ ಕಣ್ಣು ಮುಚ್ಚದ್ದರಿಂದ ಬೆಳಿಗ್ಗೆ ಮುಖ ಬಾಡಿರುತ್ತಿತ್ತು.

ಜಮಖಂಡಿ ನನ್ನ ತವರು. ಅಲ್ಲಿಯ ಡಾಕ್ಟರರಿಗೆ ತೋರಿಸೋಣ ಎಂದು ನಾನೇ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಸಾವಕಾಶವಾಗಿ ತಪಾಸಣೆ ಮಾಡಿ, "ಬಿ.ಪಿ. ಸ್ವಲ್ಪ ಏರೇತ್ರೀ, ಗುಳಿಗಿ ಕೊಡತೀನಿ. ಉಳಿದಿದ್ದೆಲ್ಲ ಚಿಂತಿದ್ದು. ಒಂದೀಟು ರೆಸ್ಟ್ ತಗೋರಿ" ಎಂದರು.

ಮಾವನವರು ಅಂಗಿ ಗುಂಡಿ ಹಾಕಿಕೊಳ್ಳುತ್ತ, "ರೆಸ್ಟ್ ತಗೊಂಡ ಈ ಜಡ್ಡು ಬಂದೈತ್ರೀ ಸಾಹೇಬ್ರ" ಎಂದರು. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ನನಗೂ ನಗು ತಡೆಯಲಾಗಲಿಲ್ಲ. ಆದರೆ ಬರುವಾಗ ಬಸ್ಸಿನಲ್ಲಿ ಅವರ ಕಾಲು ಮತ್ತೆ ತಾವೇ ತುಳಿಯತೊಡಗಿದ್ದವು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಅತ್ತೆಯವರು ಕೇಳಿಸಿಕೊಂಡು, "ಗುಳಿಗಿ ನುಂಗಲಿ. ಅದರ ಕೂಡ ನಮ್ಮ ಚಿಗವ್ವನ ಕಡೆ ಒಮ್ಮೆ ಹೋಗಿ ಬರೂಣು" ಎಂದರು. ಚಿಗವ್ವ ಎಂದರೆ ಅತ್ತೆಯವರ ತಾಯಿಯ ತಂಗಿ. ಹಿಪ್ಪರಗಿಯ ಹತ್ತಿರ, ಹೊಳೆಯ ದಂಡೆಯ ತೋಟದಲ್ಲಿ ಇದ್ದಳು. ಬೇರು, ಚಕ್ಕೆ, ಎಲೆಗಳ ಗುಣ ಬಲ್ಲವಳು. ಮದುವೆಯಾದ ಮೇಲೆ ಅತ್ತೆ, ಮಾವ ಇಬ್ಬರೂ ಕೂಡಿ ಎಲ್ಲಿಗೂ ಹೋದದ್ದಿಲ್ಲವಂತೆ. ಮಗ್ಗ ಬಿಟ್ಟು ಏಳುವ ಪುರಸೊತ್ತು ಅವರಿಗೆ ಯಾವಾಗ ಇತ್ತು! ನನ್ನನ್ನೂ ಜೊತೆಗೆ ಕರೆದರು.

ಚಳಿಗಾಲದ ಒಂದು ಮುಂಜಾನೆ ರಬಕವಿಯವರೆಗೆ ಬಸ್ಸಿನಲ್ಲಿ ಹೋದೆವು. ಮುಂದಿನ ಬಸ್ಸು ಹೋಗಿಬಿಟ್ಟಿತ್ತು. ಕಬ್ಬು ಇಳಿಸಿ ಖಾಲಿ ಮರಳುತ್ತಿದ್ದ ಒಂದು ಟ್ರ್ಯಾಕ್ಟರಿನವನು ನಮ್ಮನ್ನು ಹತ್ತಿಸಿಕೊಂಡ. ಟ್ರೇಲರಿನ ಮೇಲೆ ಕಬ್ಬಿನ ಒಣಗರಿಯ ರವದಿ ಹಾಸಿಕೊಂಡು ಕೂತೆವು. ಕೊರಕಲು ರಸ್ತೆ, ಟ್ರೇಲರು ಜಿಗಿದಾಗಲೆಲ್ಲ ಅತ್ತೆಯವರು ಮಾವನವರ ಹೆಗಲು ಹಿಡಿದು, "ಅಯ್ಯ, ಬಿದ್ನಿ!" ಎಂದು ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದರು. ಮಾವನವರು, "ಸೊಸಿ ನೋಡಾಕತ್ತಾಳ, ಕೈ ಬಿಡು" ಎಂದು ನಾಚಿದರು. ಅತ್ತೆಯವರು ಬಿಡಲಿಲ್ಲ. ನಾನು ಕಬ್ಬಿನ ಹೊಲ ನೋಡುವ ನೆಪದಲ್ಲಿ ಆ ಕಡೆ ಮುಖ ತಿರುಗಿಸಿದೆ.

ಚಿಗವ್ವ ತೋಟದ ಮನೆಯ ಮುಂದೆ ತೊಗರಿ ಹಸನು ಮಾಡುತ್ತ ಕೂತಿದ್ದಳು. ತೆಳ್ಳಗೆ, ಎತ್ತರಕ್ಕೆ ಇದ್ದಳು. ಬಾಗಿದ ನಡು, ಆದರೆ ದನಿ ಮಾತ್ರ ಹೊಲದ ಆ ತುದಿಗೆ ಕೇಳುವಂಥದು. ಮಾವನವರ ಕಣ್ಣು ನೋಡಿದಳು, ನಾಲಗೆ ತೆಗೆಸಿದಳು, ಕೈ ಹಿಡಿದು ನಾಡಿ ನೋಡಿದಳು. ಆಮೇಲೆ ಅವರ ಕೈಗೆ ಒಂದು ಗುದ್ದಲಿ ಕೊಟ್ಟಳು.

"ಇದ್ಯಾಕಬೇ?" ಎಂದರು ಮಾವ.

"ನಿನಗ ಬೇಕಾದ ಬೇರು ನೀನ ಅಗಿ. ನನ್ನ ನಡಾ ಹೋಗೇತಿ."

ಹೊಲದ ಬದುವಿನ ಮೇಲೆ ಹಿರೇಮದ್ದಿನ ಗಿಡಗಳಿದ್ದವು. ಅಶ್ವಗಂಧ ಎನ್ನುವುದು ಅದಕ್ಕೇ. ಮೊಳಕಾಲೆತ್ತರದ, ಮಾಸಲು ಹಸಿರಿನ ಗಿಡ. ಕಾಗದದ ಪುಟ್ಟ ಚೀಲದಂಥ ಒಣ ಹೊದಿಕೆಯೊಳಗೆ ಕೆಂಪು ಹಣ್ಣು. ನಾನು ಜಮಖಂಡಿಯಲ್ಲಿ ಇಂಥ ಗಿಡವನ್ನು ಎಷ್ಟೋ ಸಲ ದಾಟಿ ಶಾಲೆಗೆ ಹೋಗಿದ್ದೆ. ಅದರ ಹೆಸರು ಕೇಳಿದ್ದು ಅಂದೇ. ಎಲೆ ಒಣಗತೊಡಗಿದಾಗ ಬೇರಿಗೆ ಸತ್ವ ಇಳಿದಿರುತ್ತದೆ ಎಂದು ಚಿಗವ್ವ ಹೇಳಿದಳು.

ಮಾವನವರು ಮೊದಲ ಗಿಡದ ಬೇರು ಮುರಿದರು. ಎರಡನೆಯದನ್ನೂ ಮುರಿದರು. ಮೂರನೆಯದಕ್ಕೆ ಗುದ್ದಲಿ ಬದಿಗಿಟ್ಟು ಕೂತೇ ಬಿಟ್ಟರು. ಬೆರಳಿನಿಂದ ಮಣ್ಣು ಸಡಿಲಿಸುತ್ತ, ಹರಿದ ಎಳೆಯ ತುದಿ ಹುಡುಕುವವರ ಹಾಗೆ ಬೇರಿನ ಜಾಡು ಹಿಡಿದು ಹೋದರು. ಕೊನೆಗೆ ಕಿರುಬೆರಳು ದಪ್ಪದ ಉದ್ದನೆಯ ಬೇರು ತುದಿಸಮೇತ ಮೇಲೆ ಬಂತು. ಅದನ್ನು ಬಿಸಿಲಿಗೆ ಎತ್ತಿ ಹಿಡಿದು, "ನೋಡ್ರಿಲ್ಲೆ, ಒಂದೂ ಎಳಿ ಕಡದಿಲ್ಲ!" ಎಂದು ಕೂಗಿದರು. ನಾನು ಮದುವೆಯಾಗಿ ಬಂದ ಮೇಲೆ ಅವರ ದನಿಯಲ್ಲಿ ಅಂಥ ಉಮೇದು ಕೇಳಿದ್ದು ಅದೇ ಮೊದಲು. ಊಟಕ್ಕೆ ಕರೆದರೂ ಬರಲೊಲ್ಲರು. ಅತ್ತೆಯವರು ಬದುವಿಗೇ ರೊಟ್ಟಿ, ಶೇಂಗಾಹಿಂಡಿ ಒಯ್ದರು. ಇಬ್ಬರೂ ಕಾಲುವೆಯಲ್ಲಿ ಕೈ ತೊಳೆದುಕೊಂಡು ಅಲ್ಲೇ ಉಂಡರು.

ಬೇಲಿಯ ಮೇಲೆ ಹಬ್ಬಿದ್ದ, ಮುಟ್ಟಿದರೆ ಚುಚ್ಚುವ ಒಂದು ಬಳ್ಳಿಯನ್ನು ನಾನು ಇದೇನೆಂದು ಕೇಳಿದೆ. "ಅದು ಹಲವು ಮಕ್ಕಳ ತಾಯಿ. ಮಣ್ಣು ಸರಿಸಿ ನೋಡು, ಒಂದ ಬುಡಕ್ಕ ಎಷ್ಟು ಗಡ್ಡಿ ಜೋತಾವ. ಬಾಣಂತಿಗೆ ಹಾಲು ಬರಾಕ, ಮೈ ತುಂಬಾಕ ಕೊಡತೀವಿ" ಎಂದ ಚಿಗವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿನಗ ಈಗ ಬ್ಯಾಡ, ಮುಂದ ಕಳಸತೀನಿ" ಎಂದಳು. ಎಲ್ಲರೂ ನಕ್ಕರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಹೊರಡುವಾಗ ಅವಳು ಬಳಸುವ ಬಗೆ ಹೇಳಿಕೊಟ್ಟಳು. ಬೇರನ್ನು ನೆರಳಲ್ಲಿ ಒಣಗಿಸಬೇಕು, ಕುಟ್ಟಿ ವಸ್ತ್ರಗಾಳಿತ ಮಾಡಬೇಕು. ಚಿಟಿಕೆಯಷ್ಟು ಪುಡಿ ಹಾಲಿನಲ್ಲಿ ಕುದಿಸಿ, ಬೆಲ್ಲ, ತುಪ್ಪ ಹಾಕಿ ಸಂಜೆ ಊಟವಾದ ಮೇಲೆ ಕುಡಿಯಬೇಕು. "ಹೆಚ್ಚು ಹಾಕಬ್ಯಾಡ್ರಿ, ಹೊಟ್ಟಿ ಕೆಡತೈತಿ. ಡಾಕ್ಟರ ಗುಳಿಗಿ ಬಿಡಬ್ಯಾಡ್ರಿ. ಬಸುರಿ ಹೆಂಗಸಿಗೆ ಇದನ್ನ ಕೊಡಬ್ಯಾಡ್ರಿ." ಹಗಲಿಗೆ ತುಳಸಿ, ಒಣಶುಂಠಿಯ ಕಷಾಯ ಸಾಕು ಎಂದಳು.

ಮೊದಲ ಸಂಜೆ ಮಾವನವರು ಲೋಟ ಮೂಗಿನ ಹತ್ತಿರ ತಂದವರೇ ಹಿಂದಕ್ಕೆ ಸರಿದರು. "ಲೇ, ಇದೇನು, ಕುದರಿ ಮೈತೊಳದ ನೀರು ಕುಡಸಾಕತ್ತಿಯೇನು?"

"ಕುದರಿ ವಾಸನಿ ಬರಬೇಕು. ಬರಲಿಲ್ಲಂದ್ರ ಅದು ಹಿರೇಮದ್ದ ಅಲ್ಲ" ಎಂದರು ಅತ್ತೆ. "ನೀವ ಅಗದಿದ್ದು, ನೀವ ಕುಡೀರಿ."

ಕಣ್ಣು ಮುಚ್ಚಿ ಕುಡಿದರು. ಮರುದಿನವೇ ಏನೂ ಪವಾಡ ಆಗಲಿಲ್ಲ. ಆದರೆ ತಮ್ಮ ಕೈಯಾರೆ ತಂದ ಬೇರನ್ನು ತೊಳೆಯುವುದು, ಕತ್ತರಿಸುವುದು, ತಮ್ಮದೇ ಮಗ್ಗದಲ್ಲಿ ನೇಯ್ದ ಹಳೆಯ ಬಟ್ಟೆಯಲ್ಲಿ ಪುಡಿ ಸೋಸುವುದು ಅವರ ಕೆಲಸವಾಯಿತು. ನಮಗೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಪುಡಿ ತೀರಿದಾಗ ಗಂಡ ಹೆಂಡತಿ ಇಬ್ಬರೇ ಹಿಪ್ಪರಗಿಗೆ ಹೋಗಿ ಬರತೊಡಗಿದರು. ಹೋಗುವಾಗ ಅತ್ತೆಯವರು ಒಳ್ಳೆಯ ಸೀರೆ ಉಡುತ್ತಿದ್ದರು. ಚಳಿಗಾಲ ಕಳೆಯುವಷ್ಟರಲ್ಲಿ ನಿದ್ದೆ ತಿರುಗಿ ಬಂತು, ಗೊರಕೆಯೂ ಬಂತು. ಎದೆಯ ಢವಢವ ನಿಂತಿತು. ಜಮಖಂಡಿಯ ಡಾಕ್ಟರು ಬಿ.ಪಿ. ನೋಡಿ ಸಮಾಧಾನಪಟ್ಟು, "ಹಾಲು ನಡೀಲಿ, ಗುಳಿಗಿನೂ ನಡೀಲಿ, ಹೊಲಕ್ಕ ಹೋಗೂದಂತೂ ನಿಲ್ಲಸಬ್ಯಾಡ್ರಿ" ಎಂದರು. ಬೇರು ಎಷ್ಟು ಮಾಡಿತು, ಗುದ್ದಲಿ ಎಷ್ಟು ಮಾಡಿತು, ಅತ್ತೆಯವರ ಜೊತೆಗಿನ ಟ್ರ್ಯಾಕ್ಟರ್ ಸವಾರಿ ಎಷ್ಟು ಮಾಡಿತು, ನಾನು ಹೇಳಲಾರೆ.

ಹಿತ್ತಲ ಪಡಸಾಲೆಯಲ್ಲಿ ಕೊನೆಯ ಮಗ್ಗದ ಕುಣಿ ಹಾಗೆಯೇ ಉಳಿದಿತ್ತು. ಅದರ ಮೇಲಿನ ಚಾವಣಿಯ ತಗಡನ್ನು ಪವರ್‌ಲೂಮ್ ಶೆಡ್ಡಿಗೆ ಬಳಸಿದ್ದರಿಂದ ಕುಣಿಗೆ ಬಿಸಿಲು ಬೀಳುತ್ತಿತ್ತು. ನನ್ನ ಗಂಡ ಅದನ್ನು ಮುಚ್ಚಿ ಫರಸಿ ಕಲ್ಲು ಹಾಕಿಸಬೇಕೆಂದಾಗ ಮಾವನವರು, "ನಾನ ಮುಚ್ಚತೀನಿ" ಎಂದು ಹೊಳೆಯ ಮರಳು, ಗೊಬ್ಬರ, ಮಣ್ಣು ತುಂಬಿಸಿ ಹಿರೇಮದ್ದಿನ ಬೀಜ ಹಾಕಿದರು. ನನ್ನ ಗಂಡ ತಾವೇ ಕೊಡದಲ್ಲಿ ನೀರು ತಂದು ಹಾಕಿದರು. ಮರುವರ್ಷ ಅಲ್ಲಿ ಗಿಡ ಎದ್ದು ನಿಂತು ಕೆಂಪು ಹಣ್ಣು ಬಿಟ್ಟವು. ಓಣಿಯಲ್ಲಿ ಮಗ್ಗ ಬಿಟ್ಟು ಕೂತಿದ್ದ ಅವರ ಜೊತೆಗಾರರು ಸಂಜೆ ನಮ್ಮ ಕಟ್ಟೆಗೆ ಬರುವುದು ರೂಢಿಯಾಯಿತು. ಹಾಲಿಗಿಂತ ಮಾತೇ ಹೆಚ್ಚು ಖರ್ಚಾಗುತ್ತಿತ್ತು. ಹಿರೇಮದ್ದು ತಂದದ್ದು ಯಾರ ಬುದ್ಧಿ ಎಂದು ಅತ್ತೆ, ಮಾವ ಜನರ ಮುಂದೆಯೇ ಜಗಳವಾಡುತ್ತಿದ್ದರು.

ಮುಂದೆ ನನಗೆ ಮಗಳು ಹುಟ್ಟಿದಾಗ ಮಾವನವರು ಒಬ್ಬರೇ ಹಿಪ್ಪರಗಿಗೆ ಹೊರಟರು. ಸಂಜೆ ಓಣಿಯ ತುದಿಯಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಹೊರಗೆ ಬಂದ ಅತ್ತೆಯವರು ಕೈತಟ್ಟಿ ಕಿರುಚಿದರು. ಟ್ರೇಲರಿನ ಮೇಲೆ ಮಾವನವರ ಪಕ್ಕದಲ್ಲಿ ಸಾಕ್ಷಾತ್ ಚಿಗವ್ವ, ಮಡಿಲಲ್ಲಿ ಹಲವು ಮಕ್ಕಳ ತಾಯಿಯ ಗಡ್ಡೆಗಳ ಗಂಟು. "ಕಳಸತೀನಿ ಅಂದಿದ್ನಿ, ಕೂಸು ನೋಡಬೇಕನಿಸಿತು, ನಾನ ಬಂದ್ನಿ" ಎನ್ನುತ್ತ ಇಳಿದು, ಕೈಕಾಲು ತೊಳೆದು, ನೆಟ್ಟಗೆ ಅಡಿಗೆಮನೆಗೆ ನಡೆದು ಹಾಲಿನ ಪಾತ್ರೆ ಒಲೆಯ ಮೇಲಿಟ್ಟಳು. ಮಾವನವರು ಕಟ್ಟೆಯ ಮೇಲೆ ಕೂತು ಗಡ್ಡೆಗಳ ಸಿಪ್ಪೆ ಸುಲಿಯತೊಡಗಿದರು. ಆ ಮುದುಕಿ ಬಾಣಂತನ ಮುಗಿಯುವವರೆಗೂ ನಮ್ಮಲ್ಲೇ ಇದ್ದಳು. ನನ್ನ ಮಗಳಿಗೆ ಮೊದಲು ನೀರೆರೆದವಳು, ಕೂಸನ್ನು ಮೊದಲು ನಗಿಸಿದವಳು ಅವಳೇ.