ಡಬಲ್ ಟ್ರೇಲರ್ ಭರಮಪ್ಪ

ಕಬ್ಬು ತುಂಬಿದ ಎರಡು ಟ್ರೇಲರ್‌ಗಳನ್ನು ಒಂದರ ಹಿಂದೆ ಒಂದು ಕಟ್ಟಿಕೊಂಡು ಮುಂದಕ್ಕೆ ಹೋಗುವವರು ಬೈಲಹೊಂಗಲದ ಸುತ್ತ ನೂರಾರು ಜನ ಇದ್ದಾರೆ. ಅವನ್ನು ಹಿಂದಕ್ಕೆ ತರಬಲ್ಲವರು ಕಡಿಮೆ. ಬರಿಯ ಟ್ರ್ಯಾಕ್ಟರ್ ಆದರೆ, ಹಿಂದಕ್ಕೆ ಬರುವಾಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೇ ಹೋಗುತ್ತದೆ. ಒಂದು ಟ್ರೇಲರ್ ಕಟ್ಟಿದರೆ ಅದು ಎಡಕ್ಕೆ ಹೋಗುತ್ತದೆ. ಇನ್ನೊಂದು ಕಟ್ಟಿದರೆ ಮೊದಲನೆಯದು ಎಡಕ್ಕೆ, ಎರಡನೆಯದು ಮತ್ತೆ ಬಲಕ್ಕೆ. ಇದನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಬಹುದು. ಕಬ್ಬಿನ ಹೊರೆಯ ಆಚೆ ಏನೂ ಕಾಣದಿರುವಾಗ, ಹಿಂದೆ ನಿಂತವನ ಸೀಟಿಯನ್ನಷ್ಟೇ ನಂಬಿ, ಎರಡೂ ಟ್ರೇಲರ್ ಮಡಚಿಕೊಳ್ಳುವ ಮೊದಲೇ ಕೈ ಬದಲಿಸುವುದು ಬೇರೆಯೇ ಮಾತು.

ಭರಮಪ್ಪನಿಗೆ ಅದು ಬರುತ್ತಿತ್ತು. ಸಾಲಹಳ್ಳಿಯ ಓಣಿಯೊಂದರಲ್ಲಿ ಯಾರದೋ ಗಾಡಿ ಸಿಕ್ಕಿಹಾಕಿಕೊಂಡು, ಮುಂದೆ ದಾರಿಯಿಲ್ಲದೆ, ಹಿಂದೆ ಬರಲಾಗದೆ ನಿಂತಿದ್ದಾಗ ಅವನನ್ನು ಕಟಕೋಳದಿಂದ ಮೋಟಾರ್‌ಸೈಕಲ್ ಮೇಲೆ ಕರೆತಂದಿದ್ದರು. ಎಲೆ ಅಡಿಕೆ ಹಾಕಿಕೊಂಡು ಹತ್ತಿ ಕುಳಿತವನು ಬಾಯಿ ಕೆಂಪಾಗುವಷ್ಟರಲ್ಲಿ ಗಾಡಿಯನ್ನು ದೊಡ್ಡ ರಸ್ತೆಗೆ ತಂದು ನಿಲ್ಲಿಸಿದ. ಒಂದು ಮನೆಯ ಕಟ್ಟೆಯ ಸುಣ್ಣವೂ ಉದುರಿರಲಿಲ್ಲ. ಅಂದಿನಿಂದ ಡಬಲ್ ಟ್ರೇಲರ್ ಎಂಬುದು ಅವನ ಹೆಸರಿನ ಮುಂದೆ ಅಂಟಿಕೊಂಡಿತು. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಹುಡುಗ ಡ್ರೈವರುಗಳು ಕೈಸೋತು ಕೆಳಗಿಳಿದಾಗ, "ಭರಮಣ್ಣನ್ನ ಕರೀರಿ" ಎಂಬ ಕೂಗು ಏಳುತ್ತಿತ್ತು. ಆ ಕೂಗು ಕೇಳಿಯೂ ಕೇಳದವನಂತೆ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು ಅವನ ಒಂದು ಸುಖವಾಗಿತ್ತು.

ಆದರೆ ಹಂಗಾಮಿನಿಂದ ಹಂಗಾಮಿಗೆ ಟ್ರ್ಯಾಕ್ಟರ್ ಸೀಟಿನ ಮೇಲೆ ಕುಣಿದ ಬೆನ್ನು ನಲವತ್ತು ದಾಟಿದ ಮೇಲೆ ಬೆಳಿಗ್ಗೆ ಬಗ್ಗಲು ಒಪ್ಪಲಿಲ್ಲ. ಕಬ್ಬಿನ ಕೆಲಸ ಬಿಟ್ಟು ಅವನು ಸವದತ್ತಿ ರಸ್ತೆಯ ಹತ್ತಿ ಮಿಲ್ಲಿಗೆ ಸೇರಿದ. ಅಲ್ಲಿಯೂ ದಿನಗೂಲಿ, ಮಿಲ್ಲಿನ ಹಳೆಯ ಟ್ರ್ಯಾಕ್ಟರಿನಲ್ಲಿ ಅರಳೆ ಸಾಗಿಸುವುದು. ಅದೇ ವರ್ಷ ಮಿಲ್ಲಿನವರು ಫೋರ್ಕ್‌ಲಿಫ್ಟ್ ತಂದರು. ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಹಮಾಲರು ಉರುಳಿಸುವ ಬದಲು, ಮುಂದಿನ ಎರಡು ಉಕ್ಕಿನ ಕೊಂಬುಗಳಿಂದ ಎತ್ತಿ ಒಂದರ ಮೇಲೊಂದು ಇಡುವ ಯಂತ್ರ. ನಡೆಸಲು ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದವರಿಗೆ ಕಾಯಂ ಕೆಲಸ. ಮಿಲ್ಲಿನಲ್ಲಿ ಎಲ್ಲರೂ ಆ ಸೀಟು ಭರಮಪ್ಪನದೇ ಎಂದುಕೊಂಡರು. ಎಲ್ಲರಿಗಿಂತ ಮೊದಲು ಹಾಗೆಂದುಕೊಂಡವನು ಭರಮಪ್ಪ.

ತರಬೇತಿ ಕೊಡಲು ಬೆಳಗಾವಿಯಿಂದ ಸಂದೀಪ ಎಂಬವರು ಬಂದರು. ಡ್ರಮ್ಮುಗಳನ್ನು ಸಾಲಾಗಿ ಇಟ್ಟು, "ಇನ್ಯಾರರ ಕಲಿಯೋರು ಅದಾರೇನು?" ಎಂದು ಕೇಳಿದಾಗ, ಬೇಲಿನ ಮೇಲೆ ನಂಬರು ಬರೆಯುತ್ತಿದ್ದ ಪೂನಮ್ ಬ್ರಶ್ಶು ಹಿಡಿದ ಕೈಯನ್ನೇ ಮೇಲೆತ್ತಿದಳು. ಪೂನಮ್ ಭರಮಪ್ಪನ ತಮ್ಮ ಸಾಗರನ ಹೆಂಡತಿ. ಸ್ಕೂಟಿ ಬಿಟ್ಟು ಬೇರೇನನ್ನೂ ನಡೆಸಿದವಳಲ್ಲ. ಭರಮಪ್ಪ ಮನಸ್ಸಿನಲ್ಲೇ ನಕ್ಕ.

ವಾರದ ಕೊನೆಗೆ ಅವಳು ಪಾಸಾದಳು, ಅವನು ನಪಾಸಾದ. ಪಾಸಾದವರನ್ನಷ್ಟೇ ಮಿಲ್ಲಿನವರು ಆರ್‌ಟಿಒ ಪರೀಕ್ಷೆಗೆ ಕಳಿಸುತ್ತಿದ್ದರು. ಅದನ್ನೂ ಮುಗಿಸಿ ಪೂನಮ್ ಲೈಸೆನ್ಸ್ ತಂದಳು.

ಅವನ ಸೋಲಿಗೆ ಕಾರಣ ಅವನ ಜಾಣತನವೇ. ಫೋರ್ಕ್‌ಲಿಫ್ಟಿನಲ್ಲಿ ತಿರುಗುವುದು ಹಿಂದಿನ ಗಾಲಿ. ಮುಂದೆ ಹೋಗುತ್ತ ಬಲಕ್ಕೆ ಹೊರಳಿದರೆ ಅದರ ಬಾಲ ಎಡಕ್ಕೆ ಬೀಸುತ್ತದೆ, ಬೀಸಲೇಬೇಕು. ಆದರೆ ಹಿಂದೆ ಏನಾದರೂ ಎಡಕ್ಕೆ ಸರಿಯುವುದು ಕಂಡ ಕೂಡಲೇ ಭರಮಪ್ಪನ ಕೈಗೆ ಟ್ರೇಲರ್ ಮಡಚಿಕೊಳ್ಳುತ್ತಿದೆ ಅನಿಸುತ್ತಿತ್ತು. ತಲೆಯನ್ನು ಕೇಳದೆ ಕೈ ತಾನೇ ಎಡಕ್ಕೆ ತಿರುಗಿಸುತ್ತಿತ್ತು. ಯಂತ್ರ ಅಡ್ಡಾದಿಡ್ಡಿ ಆಗಿ ಡ್ರಮ್ಮಿಗೆ ಬಡಿಯುತ್ತಿತ್ತು. ಪೂನಮ್‌ಳ ಕೈಗೆ ಮರೆಯಬೇಕಾದದ್ದು ಏನೂ ಇರಲಿಲ್ಲ.

ಮನೆಯಲ್ಲಿ ಭರಮಪ್ಪನ ತಾಯಿ ಮರೆವ್ವ ಆ ಕಾರ್ಡನ್ನು ಸೆರಗಿನಿಂದ ಒರೆಸಿ ನೆರೆಮನೆಯ ಬಾಯವ್ವನಿಗೆ ತೋರಿಸಿದಳು.

"ನೋಡ ಬಾಯವ್ವಾ, ನಮ್ಮ ಸಣ್ಣ ಸೊಸಿ ಫೋಟೊ. ಎಷ್ಟು ಚಂದ ಬಂದೈತಿ."

"ಹೌದ ಬಿಡ. ಮತ್ತ ನಿಮ್ಮ ಭರಮಂದ?"

"ಅವಂದೂ ಬರತೈತಿ ತಗೋ."

ಒಳಗೆ ಉಣ್ಣುತ್ತಿದ್ದ ಭರಮಪ್ಪ ಆ 'ತಗೋ' ಎಂಬ ಮಾತು ಕೇಳಿ ರೊಟ್ಟಿಯನ್ನು ಜೋರಾಗಿ ಹರಿದ. ಎದುರಿಗೆ ಕುಳಿತಿದ್ದ ಹೆಂಡತಿ ರೇಣು ಅವನ ಕೈಯನ್ನೇ ನೋಡುತ್ತಿದ್ದಳು.

"ಆ ರೊಟ್ಟಿ ಏನ ಮಾಡೇತ್ರಿ ನಿಮಗ? ಹಂಗ ಹರಿಯಾಕತ್ತೀರಿ."

"ಅದೇನ ಗಾಡಿನೇನ? ಹಿಂದೊಂದು ಟ್ರೇಲರಿಲ್ಲ, ಏನಿಲ್ಲ. ಹುಡುಗರು ಆಡೋ ಸಾಮಾನು."

"ಹುಡುಗರು ಆಡೋ ಸಾಮಾನು ನಿಮ್ಮ ಮಾತ್ಯಾಕ ಕೇಳವಲ್ದು ಮತ್ತ?"

ಅವನು ಎದ್ದು ಕೈ ತೊಳೆದ. ಹೊರಬಾಗಿಲ ಬಳಿ ಪೂನಮ್‌ಳ ಮಿಲ್ಲಿನ ಬೂಟುಗಳು ಜೋಡಿಯಾಗಿ ಇದ್ದವು. ಅವನ್ನು ದಾಟಿ ಹೋಗಬಹುದಾಗಿತ್ತು. ಅವನು ಕಾಲಿನಿಂದ ಒಂದನ್ನು ಪಕ್ಕಕ್ಕೆ ನೂಕಿ ಹೋದ.

ಆ ದಿನಗಳಲ್ಲಿ ಅವನೊಳಗೆ ಏನು ನಡೆದಿತ್ತು ಎಂಬುದು ಒಂದು ಮಧ್ಯಾಹ್ನ ಅವನಿಗೇ ಗೊತ್ತಾಯಿತು. ಗೋದಾಮಿನಲ್ಲಿ ಬೇಲುಗಳು ಉರುಳಿದ ಸದ್ದು ಬಂತು. ಟ್ರ್ಯಾಕ್ಟರನ್ನು ಬಿಟ್ಟು ಅವನು ಓಡಿದ. ಓಡುವ ಕಾಲಿನಲ್ಲಿ ಗಾಬರಿಗಿಂತ ಹುರುಪೇ ಹೆಚ್ಚಿತ್ತು. ಹೋಗಿ ನೋಡಿದರೆ ಪರಸ್ಥಳದ ಲಾರಿಯೊಂದು ಹಿಂದಕ್ಕೆ ಬರುತ್ತ ಸಾಲಿಗೆ ತಾಗಿತ್ತು. ಪೂನಮ್ ದೂರದಲ್ಲಿ ಯಂತ್ರ ನಿಲ್ಲಿಸಿ ಕೆಳಗಿಳಿದು, ಯಾರಿಗಾದರೂ ಪೆಟ್ಟಾಯಿತೇ ಎಂದು ವಿಚಾರಿಸುತ್ತಿದ್ದಳು. ಯಾರಿಗೂ ಆಗಿರಲಿಲ್ಲ. ಭರಮಪ್ಪನ ಹುರುಪು ಇಳಿಯಿತು. ಇಳಿದದ್ದು ಅವನಿಗೆ ತಿಳಿಯಿತು. ಅವಳಿಗೆ ಪೆಟ್ಟಾಗಲಿ ಎಂದು ಬಯಸಿರಲಿಲ್ಲ, ಅದು ನಿಜ; ಅವಳ ಕೈಯಿಂದ ಏನಾದರೂ ಬೀಳಲಿ ಎಂದು ಬಯಸಿದ್ದ. ಆ ಎರಡರ ನಡುವಿನ ಅಂತರ ಎಷ್ಟು ಎಂದು ಯೋಚಿಸಲು ಅವನಿಗೆ ಇಷ್ಟವಾಗಲಿಲ್ಲ.

ಅಷ್ಟರಲ್ಲಿ ಮಿಲ್ಲಿನ ಮೇಸ್ತ್ರಿ ಸಿದ್ಧಾರೂಢ ಅವನನ್ನು ಕರೆದು ಹೇಳಿದ. "ದಸರಾ ಆದಕೂಡಲೇ ಹತ್ತಿ ಬರಾಕ ಚಾಲೂ ಆಗತೈತಿ. ಎರಡನೇ ಪಾಳಿಗೆ ಒಬ್ಬರು ಬೇಕಽ ಬೇಕು. ಅದರೊಳಗ ನೀ ಪಾಸಾದಿ, ಸೀಟು ನಿಂದು. ಇಲ್ಲಂದ್ರ ಹುಬ್ಬಳ್ಳಿಯಿಂದ ಒಬ್ಬನ್ನ ತರತೇವಿ. ಸಂಜಿಮುಂದ ಪ್ರಾಕ್ಟೀಸ್ ಮಾಡ. ಆದ್ರ ಲೈಸೆನ್ಸ್ ಇದ್ದೋರು ಬಾಜೂಕ ನಿಂತಿರಬೇಕು ನೋಡು."

ಲೈಸೆನ್ಸ್ ಇದ್ದವರು ಮಿಲ್ಲಿನಲ್ಲಿ ಒಬ್ಬರೇ.

ಇಲ್ಲಿ ಇನ್ನೊಂದು ತೊಡಕಿತ್ತು. ಮದುವೆಯಾಗಿ ಬಂದಾಗಿನಿಂದ ಪೂನಮ್ ಭರಮಪ್ಪನ ಜೊತೆ ನೇರವಾಗಿ ಮಾತಾಡಿದವಳಲ್ಲ. ಅವರ ಮನೆಯಲ್ಲಿ ತಮ್ಮನ ಹೆಂಡತಿ ಭಾವನೆದುರು ಕೂರುವುದಿಲ್ಲ, ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ. ಹೇಳುವುದಿದ್ದರೆ ರೇಣುವಿಗೆ ಹೇಳುವಳು, ರೇಣು ಅವನಿಗೆ ಹೇಳುವಳು. ಸಾರಿಗೆ ಉಪ್ಪು ಬೇಕೇ ಎಂಬಂಥ ಮಾತಿಗೆ ಈ ಏರ್ಪಾಡು ಸಾಕಾಗಿತ್ತು.

ಮಿಲ್ಲಿನಲ್ಲಿ ರೇಣುವಿನ ಜಾಗಕ್ಕೆ ಹಮಾಲ ನಿಂಗರಾಜ ಸಿಕ್ಕ. ಭರಮಪ್ಪ ಯಂತ್ರ ಹತ್ತಿದ. ಪೂನಮ್ ಗೋಡೆಯ ಕಡೆ ಅರ್ಧ ತಿರುಗಿ ನಿಂತಳು. ಇಬ್ಬರ ನಡುವೆ ನಿಂಗರಾಜ ತಂಬಾಕು ತಿಕ್ಕುತ್ತ ನಿಂತ. ಮೊದಲ ತಿರುವು ಬಂತು.

"ನಿಂಗರಾಜಣ್ಣಾ, ಬಾಲ ಬಡೀತೈತಿ, ನಿಂದರಸ್ರಿ ಅಂತ ಹೇಳ್ರಿ."

ನಿಂಗರಾಜ ತಂಬಾಕು ತುಟಿಯ ಕೆಳಗಿಟ್ಟು, ಕೈ ಝಾಡಿಸಿ, "ಭರಮಣ್ಣಾ, ನಿನ್ನ ಬಾಲ ಬಡೀತೈತಂತೋ" ಎಂದ. ಅಷ್ಟರಲ್ಲಿ ಡ್ರಮ್ಮು ಗಟಾರದವರೆಗೆ ಉರುಳಿ ಹೋಗಿತ್ತು. ಹಮಾಲರು ಕುಳಿತಲ್ಲೇ ನಕ್ಕರು.

ಮರುದಿನವೂ ಹಾಗೆಯೇ. ಮಾತು ಸರಿಯಾಗಿಯೇ ಹೊರಡುತ್ತಿತ್ತು. ತಲುಪುವುದು ಡ್ರಮ್ಮು ಬಿದ್ದ ಮೇಲೆ. ಯಂತ್ರ ಒಂದು ಮಾರು ಸರಿಯಲು ಬೇಕಾದ ಹೊತ್ತಿಗಿಂತ ನಿಂಗರಾಜ ಬಾಯಿ ತೆರೆಯುವ ಹೊತ್ತು ದೊಡ್ಡದಿತ್ತು. ಇದು ಭರಮಪ್ಪನಿಗೆ ಕಾಣದ್ದೇನಲ್ಲ. ಆದರೆ ಅವಳ ಮಾತು ಅವಳ ಬಾಯಿಂದಲೇ ಕೇಳುವುದಕ್ಕಿಂತ ತಡವಾಗಿ ಕೇಳುವುದೇ ಅವನಿಗೆ ಹಿತವೆನಿಸುತ್ತಿತ್ತು. ಬಿದ್ದರೆ ತಪ್ಪು ನಿಂಗರಾಜನದು.

ದಸರಾಕ್ಕೆ ವಾರವಿರುವಾಗ ಸಿದ್ಧಾರೂಢನ ಕೋಣೆಯ ಬಾಗಿಲಲ್ಲಿ ಅಪರಿಚಿತನೊಬ್ಬ ಕಾಗದಪತ್ರದ ಚೀಲ ಹಿಡಿದು ಕುಳಿತಿದ್ದ. ಹುಬ್ಬಳ್ಳಿಯವನು. ಚಹಾ ಕುಡಿಯುತ್ತ ಯಂತ್ರದ ಕಡೆ ನೋಡುತ್ತಿದ್ದ, ತನ್ನದೇ ಎಂಬಂತೆ. ಭರಮಪ್ಪನ ಹೊಟ್ಟೆಯೊಳಗಿನ ಕಿಚ್ಚು ಒಂದು ಗಳಿಗೆ ಯಾರ ಕಡೆ ತಿರುಗಬೇಕೆಂದು ತಿಳಿಯದೆ ನಿಂತಿತು. ಅವನು ಯಂತ್ರ ಹತ್ತಿ, ಕೀಲಿ ತಿರುಗಿಸದೆ ಕುಳಿತ.

"ನಿಂಗರಾಜನ ಮುಂದ ಹೇಳಬ್ಯಾಡ" ಎಂದ ಗೋಡೆಯ ಕಡೆಗೆ. "ನನಗಽ ಹೇಳು."

ಪೂನಮ್ ಸೆರಗು ಎಳೆದುಕೊಳ್ಳಲು ಕೈ ಎತ್ತಿದಳು; ಕೈಗೆ ಹೆಲ್ಮೆಟ್ ತಾಗಿತು. ನಿಂಗರಾಜ ಇಬ್ಬರನ್ನೂ ನೋಡಿ, "ತಲಿಮ್ಯಾಲೆ ಸೆರಗಿನ ಬದಲಿ ಹೆಲ್ಮೆಟ್ ಐತೆಲ್ಲವಾ ಯವ್ವಾ. ಅದು ಸೆರಗಿಗಿಂತಾ ಗಟ್ಟಿ. ಮಾತಾಡು, ನಂಗರ ಬಿಡುವಾಗತೈತಿ" ಎಂದು ಹೋಗಿ ಹಮಾಲರ ಜೊತೆ ಕುಳಿತ.

ಅವಳು ಎದುರಿಗೆ ಬಂದು ನಿಂತಳು. ಅವನು ಕೀಲಿ ತಿರುಗಿಸಿದ. ದನಿ ಮೊದಮೊದಲು ಯಂತ್ರದ ಸದ್ದಿನಲ್ಲಿ ಮುಳುಗಿಹೋಯಿತು. ಆಮೇಲೆ ಏರಿತು.

"ಭಾವಾರ, ಹೊಳ್ಳುವಾಗ ಹಿಂದ ನೋಡಬ್ಯಾಡ್ರಿ."

"ಹಿಂದ ನೋಡದ ಹೆಂಗ?"

"ಹತ್ತಿಕಟಗಿ ಹೊರಿ ಹೊತ್ತೀರೇನ್ರಿ ಯಾವಾಗರ, ತಲಿಮ್ಯಾಲೆ?"

"ಟ್ರೇಲರಿನ್ಯಾಗ ತಂದೇನಿ."

"ಅದಕ್ಕಽ ನಿಮಗ ತಿಳಿಯಾಂಗಿಲ್ರಿ. ಹೊರಿ ಹೊತ್ತು ನಮ್ಮ ಓಣಿ ತಿರುವಿನ್ಯಾಗ ಹೊಳ್ಳುವಾಗ ಹಿಂದ ತಿರುಗಿ ನೋಡಿದ್ರ ಹೊರಿನೂ ತಿರಗತೈತಿ, ಬಾಯವ್ವಜ್ಜಿ ಗ್ವಾಡಿಗೆ ಬಡೀತೈತಿ. ಹೊಳ್ಳೂಕಿಂತ ಮೊದಲ ಎಷ್ಟು ಜಾಗಾ ಬೇಕು ನೋಡ್ಕೊಂಡಬಿಡಬೇಕು. ಆಮ್ಯಾಲೆ ಹಿಂದಿಂದು ತಾನಽ ಬರತೈತಿ. ಬೀಸತೈತಿ, ಬೀಸಲಿ ಬಿಡ್ರಿ."

ಯಂತ್ರವನ್ನು ಹಿಂದಕ್ಕೆ ತರುವಾಗ ಹಿಂದೆ ನೋಡಲೇಬೇಕು. ಅವಳು ಹೇಳಿದ್ದು ಮುಂದೆ ಹೋಗುತ್ತ ತಿರುಗುವ ಮಾತು. ಭರಮಪ್ಪ ತಿರುವಿಗೆ ಬಂದ. ಕುತ್ತಿಗೆ ತಾನಾಗಿಯೇ ಹಿಂದೆ ಹೊರಳಿತು.

"ಮುಂದ ನೋಡ್ರಿ."

ಹೊರಳಿತು.

"ಮುಂದ ಅಂದ್ನೆಲ್ಲರಿ."

ಈ ಸಲ ಮಾತಿನಲ್ಲಿ ಸೊಸೆಯ ದನಿ ಇರಲಿಲ್ಲ. ಹಮಾಲರ ನಗೆ ನಿಂತಿತು. ಭರಮಪ್ಪ ಹಲ್ಲು ಕಚ್ಚಿ ಮುಂದೆ ನೋಡಿದ. ಬೆನ್ನ ಹಿಂದೆ ಯಂತ್ರದ ಬಾಲ ಬೀಸಿತು. ಅವನ ಮೈಯೆಲ್ಲ ಅದನ್ನು ತಡೆ ಎಂದು ಹೇಳುತ್ತಿತ್ತು. ಅವನು ತಡೆಯಲಿಲ್ಲ. ಡ್ರಮ್ಮು ನಿಂತಲ್ಲೇ ನಿಂತಿತ್ತು.

ಅವಳು ಭೇಷ್ ಎನ್ನಲಿಲ್ಲ. ನಗಲೂ ಇಲ್ಲ. "ಇನ್ನೊಮ್ಮೆ" ಎಂದಳು. ಅವಳು ಜಂಬ ಮಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಸಿಟ್ಟಿಗೆ ಒಂದು ಹಿಡಿಕೆ ಸಿಗುತ್ತಿತ್ತು. ಅದೂ ಸಿಗಲಿಲ್ಲ. ಪ್ರತಿ ಸಂಜೆ ಅವಳ ಮಾತನ್ನು ಕೇಳಿದ, ಪ್ರತಿ ಸಲ ಅದು ಸರಿಯಾಗಿತ್ತು, ಪ್ರತಿ ಸಲ ಒಳಗೆ ಚುರುಕ್ ಎಂದಿತು. ಮನೆಗೆ ಹೋದ ಮೇಲೆ ಇಬ್ಬರೂ ಮೊದಲಿನಂತೆಯೇ; ಅವಳು ಬಾಗಿಲ ಮರೆಯಲ್ಲಿ, ಅವನು ಪಡಸಾಲೆಯಲ್ಲಿ. ರೇಣು ಮಾತ್ರ, "ಮಿಲ್ಲಿನ್ಯಾಗ ನಿಮಗ ಭಾಳ ಬೈತಾಳಂತಲ್ರಿ ನಮ್ಮ ತಂಗಿ? ನಿಂಗರಾಜ ಹೇಳಿದ. ನಾನೂ ಒಂದು ಹೆಲ್ಮೆಟ್ ತರತೇನಿ" ಎಂದಳು.

ಸಂದೀಪರು ಮತ್ತೆ ಬಂದ ದಿನ ಹುಬ್ಬಳ್ಳಿಯವನೂ ಬಂದಿದ್ದ. ಭರಮಪ್ಪ ಡ್ರಮ್ಮುಗಳ ನಡುವೆ ಹಾವಿನಂತೆ ಹೋಗಿ, ಮೂಲೆ ತಿರುಗಿ, ಬೇಲುಗಳಿದ್ದ ಹಲಗೆಯ ಕೆಳಗೆ ಕೊಂಬು ತೂರಿಸಿ ಎತ್ತಿ, ಸಾಲಿನ ಮೇಲೆ ಇಳಿಸಿದ. ಯಾವುದಕ್ಕೂ ಏನೂ ತಾಗಲಿಲ್ಲ.

"ಹೋದಸಲದ ಮನುಷ್ಯಾನಽ ಅಲ್ಲ ನೀವು" ಎಂದರು ಸಂದೀಪ. "ಯಾರ ಕಡೆ ಕಲಿತ್ರಿ?"

ಪೂನಮ್ ತೂಕದ ಕಾಟಾದ ಬಳಿ ಬೇಲಿಗೆ ನಂಬರು ಬರೆಯುತ್ತ ನಿಂತಿದ್ದಳು. ಅವನಿಗೆ ಅದು ಗೊತ್ತಿತ್ತು.

"ಇಲ್ಲೇ, ಮಿಲ್ಲಿನ್ಯಾಗ" ಎಂದ ಭರಮಪ್ಪ.

ನಿಂಗರಾಜ ಕೆಮ್ಮಿದ. ಪೂನಮ್ ತಲೆ ತಗ್ಗಿಸಿ ಬೇಲಿನ ಮೇಲೆ ನಂಬರು ಬರೆಯುವುದನ್ನು ಮುಂದುವರಿಸಿದಳು. ಹುಬ್ಬಳ್ಳಿಯವನು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಆರ್‌ಟಿಒ ಪರೀಕ್ಷೆಯೂ ಮುಗಿದು ಲೈಸೆನ್ಸ್ ಕೈಗೆ ಬಂತು. ಮರೆವ್ವ ಅದನ್ನೂ ಸೆರಗಿನಿಂದ ಒರೆಸಿದಳು. ಹತ್ತಿ ಬರತೊಡಗಿದ ವಾರ ಭರಮಪ್ಪ ಎರಡನೇ ಪಾಳಿಗೆ ಹಾಜರಾದ. ಮೊದಲ ಪಾಳಿ ಮುಗಿಸಿ ಪೂನಮ್ ಯಂತ್ರದಿಂದ ಇಳಿದು, ಕೀಲಿಯನ್ನು ಅವನ ಕೈಗೆ ಕೊಡದೆ ಸೀಟಿನ ಮೇಲಿಟ್ಟಳು.

"ಎಡಗಡೆ ಸರಪಳಿ ಒಂದೀಟು ಸಡಲ ಅನಸತೈತ್ರಿ. ಭಾರ ಕಮ್ಮಿ ಎತ್ತರಿ, ಮೇಸ್ತ್ರಿಗೆ ಹೇಳೇನಿ" ಎಂದಳು, ನೇರವಾಗಿ, ಹೊರಡುತ್ತ.

"ಹೂಂ" ಎಂದ.

ಅವಳು ಗೇಟು ದಾಟಿದ ಮೇಲೆ ಅವನು ಕೊಂಬುಗಳನ್ನು ಎತ್ತುವ ಆ ಸರಪಳಿಯನ್ನು ಮುಟ್ಟಿ ನೋಡಿದ. ಸಡಿಲವೇ ಇತ್ತು. ಡೀಸೆಲ್ ನೋಡಿದ, ಬ್ರೇಕ್ ನೋಡಿದ, ಏನಾದರೂ ತಪ್ಪು ಸಿಕ್ಕೀತೇ ಎಂದು ಟೈರನ್ನೂ ಒದ್ದು ನೋಡಿದ. ಸೀಟು ಅವಳ ಎತ್ತರಕ್ಕೆ ಮುಂದೆ ಸರಿದಿತ್ತು. ಅದನ್ನು ತನ್ನ ಮೊಣಕಾಲಿಗೆ ಹಿಂದೆ ಸರಿಸಿಕೊಂಡು ಕುಳಿತ. ಅವಳು ಒಟ್ಟಿದ ಬೇಲಿನ ಸಾಲು ಗೋಡೆಯಂತೆ ನೆಟ್ಟಗೆ ನಿಂತಿತ್ತು. ಅದರ ಪಕ್ಕದಲ್ಲಿ ಅವನು ತನ್ನ ಮೊದಲ ಸಾಲು ಒಟ್ಟಿದ. ಇಳಿದು ಬಂದು, ಒಂದು ಕಣ್ಣು ಮುಚ್ಚಿ ಎರಡನ್ನೂ ಸೇರಿಸಿ ನೋಡಿದ. ಅವನದು ಹೆಬ್ಬೆರಳಿನಷ್ಟು ಹೊರಗೆ ಬಂದಿತ್ತು.

"ನಡೀತೈತಿ ಬಿಡೋ ಭರಮಣ್ಣಾ, ಯಾರ ನೋಡತಾರ" ಎಂದ ನಿಂಗರಾಜ.

"ಬೆಳಗಿನ ಪಾಳ್ಯಾಗ ನೋಡತಾಳ" ಎಂದು ಭರಮಪ್ಪ ಮತ್ತೆ ಯಂತ್ರ ಹತ್ತಿ, ಇಟ್ಟಿದ್ದನ್ನೆಲ್ಲ ಕೆಳಗಿಳಿಸತೊಡಗಿದ.