ಸೋರುವ ಚಿಪ್ಪು, ಶುಕ್ರವಾರದ ಗುಡುಗು

ಜೀವಿ ಎಷ್ಟೇ ಕಿರಿದಾಗಿರಲಿ, ಅದಕ್ಕೆ ತನ್ನದೇ ಎನ್ನುವ ಒಂದು ಕೋಣೆ ಬೇಕು. ಇದು ಗಂಭೀರವಾದ ಸತ್ಯ. ಆದರೆ ನಾನು ದಕ್ಷಿಣ ಜರ್ಮನಿಯ ಈ ಊರಿಗೆ ಬಂದಿಳಿದ ದಿನ ಆ ಕೋಣೆ ಬ್ಯಾಕ್ಟೀರಿಯಾಗಳಿಗಿತ್ತು, ನನಗಿರಲಿಲ್ಲ.

ಕೊನೆಗೆ ಮೂರನೇ ಮಹಡಿಯಲ್ಲಿ ಒಂದು ಸಿಕ್ಕಿತು. ಮೊದಲ ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗಿನ ಹಿಡಿಗೆ ಒಂದು ಮರದ ಹಲಗೆ ನೇತುಹಾಕಿದ್ದರು. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಹನ್ನೆರಡು ವರ್ಷ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಟ್ಟ ನಾನು ಅದನ್ನು ಮಾಟವೆಂದು ಕ್ಷಣಕಾಲವೂ ನಂಬಲಿಲ್ಲ. ಮುಟ್ಟದೆ, ಪಕ್ಕಕ್ಕೆ ಸರಿದು, ಆಚೆ ಬಂದೆ, ಅಷ್ಟೆ. ಕೆಳಮನೆಯ ಅಜ್ಜಿ ಅದು ‘ಕೇರ್‌ವೋಖೆ’ ಎಂದು ವಿವರಿಸಿದರು. ಗುಡಿಸುವ ವಾರ ಎಂದರ್ಥ. ಹಲಗೆ ಯಾರ ಬಾಗಿಲಿಗೆ ಬರುತ್ತದೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಅವರದು. ಊರಿನಲ್ಲಿ ಬಾಗಿಲು ಗುಡಿಸಿ ನೀರು ಹಾಕುವುದು ನನ್ನ ಹೆಂಡತಿ ಮಾದೇವಿ. ಆ ಹೊತ್ತಿಗೆ ನಾನು ಪೇಪರು ಹಿಡಿದು ದೇಶದ ಸ್ಥಿತಿಯ ಬಗ್ಗೆ ಚಿಂತಿಸುತ್ತಿರುತ್ತೇನೆ. ಇಲ್ಲಿ ದೇಶ ನನ್ನದಲ್ಲ, ಪೊರಕೆ ನನ್ನದು.

ಊಟದ ಕಥೆ ಹೇಳದಿರುವುದೇ ಒಳ್ಳೆಯದು. ‘ರೋಗೆನ್’ ಎಂಬ ಕಪ್ಪು ಧಾನ್ಯದ ಹಿಟ್ಟು ಕಂಡು ರಾಗಿಯ ದಾಯಾದಿಯೆಂದು ಮುದ್ದೆ ಕಟ್ಟಲು ಹೋದೆ. ಅದು ಪಾತ್ರೆಯನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಅಂದು ಬ್ರೆಡ್ಡು ತಿಂದು ಮಲಗಿದೆ.

ಬಂದ ಕೆಲಸದ ಬಗ್ಗೆ ಉಡಿಗಾಲ ಹಳ್ಳಿಯ ನಮ್ಮಣ್ಣ ಹೊರಡುವ ಮೊದಲೇ ತೀರ್ಪು ಕೊಟ್ಟಿದ್ದ: “ಕಣ್ಗೆ ಕಾಣ್ದಿರೋ ಉಳಕ್ಕೆ ಮನೆ ಕಟ್ಟಕ್ಕೆ ಅಷ್ಟು ದೂರ ಓದೀಯೇನ್ಲಾ? ನಮ್ಮ ಕೊಟ್ಟಿಗೆ ಸೋರ್ತಾ ಅದೆ ಕಣ್ಲಾ, ಅದ್ನ ಕಟ್ಬುಟ್ಟು ಓಗು.”

ಅಣ್ಣ ಹೇಳಿದ್ದು ಬಹುಮಟ್ಟಿಗೆ ಸರಿ. ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವ ಕೆಲವು ಬ್ಯಾಕ್ಟೀರಿಯಾಗಳ ಒಳಗೆ ಪ್ರೋಟೀನಿನ ಚಿಪ್ಪಿನ ಪುಟ್ಟ ಕೋಣೆಗಳಿರುತ್ತವೆ. ಗೋಡೆಗೆ ಆರು ಮೂಲೆಯ ಬಿಲ್ಲೆಗಳು, ಗೋಡೆಗಳು ಕೂಡುವ ಮೂಲೆಗೆ ಐದು ಮೂಲೆಯ ಬಿಲ್ಲೆ. ಒಳಗೆ ಇಂಗಾಲದ ಡೈಆಕ್ಸೈಡನ್ನು ದಟ್ಟವಾಗಿ ತುಂಬಿಟ್ಟುಕೊಂಡು ಅಡುಗೆ ನಡೆಯುತ್ತದೆ. ಐದು ಮೂಲೆಯ ಬಿಲ್ಲೆ ಇಲ್ಲದಿದ್ದರೆ ಚಿಪ್ಪು ಸೋರುತ್ತದೆ. ಅಂಥ ಜೀವಿ ನೀವು ನಾವು ಉಸಿರಾಡುವ ಗಾಳಿಯಲ್ಲಿ ಬದುಕಲಾರದು. ಆ ಅನಿಲವನ್ನು ಹೆಚ್ಚಾಗಿ ಹಾಯಿಸುವ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ಹಸಿರಾಗಿರುತ್ತದೆ.

ಅಂಥ ಸೋರುಚಿಪ್ಪಿನವನ್ನು ತಿಂಗಳುಗಟ್ಟಲೆ ಬೆಳೆಸಿದ್ದೆ. ಅವುಗಳೊಳಗೆ ಸರಿಯಾದ ಬಿಲ್ಲೆಯ ಜೀನು ಸೇರಿಸಿ, ಚಿಪ್ಪು ಕೂಡಿಕೊಂಡಿತೆಂದು ತೋರಿಸಬೇಕಿತ್ತು. ತೋರಿಸಿದರೆ ಒಪ್ಪಂದ ಮುಂದುವರಿಯುತ್ತದೆ, ಮಾದೇವಿ ಮತ್ತು ಮಗಳು ಚಂದನ ಇಲ್ಲಿಗೆ ಬರಬಹುದು. ಇಲ್ಲದಿದ್ದರೆ ಚಳಿಗಾಲಕ್ಕೆ ಮುಂಚೆ ನಾನು ಗಂಟು ಕಟ್ಟಬೇಕು.

ಜೀನು ಸೇರಿಸುವ ದಿನ ಮಂಗಳವಾರವೆಂದು ನಿಗದಿಯಾಗಿತ್ತು. ಹಿಂದಿನ ಶುಕ್ರವಾರ ಸಂಜೆ ಎಲ್ಲರೂ ‘ಫೈಯರ್‌ಆಬೆಂಟ್’, ಅಂದರೆ ಇನ್ನು ಕೆಲಸದ ಹೆಸರೆತ್ತಬಾರದ ಹೊತ್ತು, ಎಂದು ಹರಸಿ ಹೊರಟುಹೋದರು. ನಾನೊಬ್ಬನೇ ಲ್ಯಾಬಿನಲ್ಲಿ ನಿಂತು ಫೋನ್ ಕಾರ್ಡ್ ತಿಕ್ಕಿ ಮನೆಗೆ ಮಾತಾಡುತ್ತಿದ್ದೆ. ಗುಡುಗಿತು.

“ಏನ್ರೀ ಅದು ಸದ್ದು?” ಎಂದಳು ಮಾದೇವಿ.

“ಗುಡುಗು ಕಣೆ.”

“ಗುಡ್ಗು ಅಂತೀರಲ್ಲ, ಇನ್ನೂ ಮಾತಾಡ್ತಾ ನಿಂತಿದ್ದೀರಾ? ಪ್ಲಗ್ಗೆಲ್ಲಾ ಕಿತ್ತಾಕಿ ಮೊದ್ಲು! ಓದ್ ವರ್ಸ ನಮ್ಮ ಟೀವಿ ಸುಟ್ಟೋಗಿದ್ದು ಮರ್ತ್‌ಬುಟ್ರಾ?”

“ಇಲ್ಲಿ ಹಾಗಾಗಲ್ಲ ಕಣೆ.”

“ಸುಟ್ಟೋದ್ಮೇಲೆ ಎಲ್ರೂ ಅಂಗೇ ಅನ್ನದು. ಪರಸ್ಥಳದೋರ ಮಿಷೀನು, ಕೀಳಿ ಅಂದ್ರೆ ಕೀಳಿ.”

ಮಿಂಚು ಕಿಟಕಿಯನ್ನು ಬೆಳಗಿಸಿತು. ಯೋಚಿಸುವ ಮೊದಲೇ ನನ್ನ ಕೈ ಸಾಲಾಗಿ ಪ್ಲಗ್ಗು ಕೀಳತೊಡಗಿತ್ತು. ಗುಂಡ್ಲುಪೇಟೆಯ ಕೈ ಅದು. ಅನಿಲ ಹಾಯಿಸುವ ಯಂತ್ರದ್ದೂ ಬಂತು. ಪೆಟ್ಟಿಗೆಯಲ್ಲಿರುವ ಅನಿಲ ರಾತ್ರಿಗೆ ಸಾಕು, ನಮ್ಮ ಪದ್ಧತಿಯಂತೆ ಬೆಳಿಗ್ಗೆ ಬಂದು ಹಾಕಿದರಾಯಿತು ಎಂದುಕೊಂಡು ಹೊರಟೆ.

ಬೆಳಿಗ್ಗೆ ಕಟ್ಟಡಕ್ಕೆ ಬೀಗ. ಶನಿವಾರ, ಭಾನುವಾರ, ಸೋಮವಾರ ಅವರ ಹಬ್ಬದ ರಜೆ. ರಜೆಯ ಬೀಗದ ಕೈಯನ್ನು ಹೊಸಬರಿಗೆ ಕೊಡುವುದಿಲ್ಲ. ನಮ್ಮ ಕಾಲೇಜಿನ ಬೀಗದ ಕೈ ಅಟೆಂಡರ್ ಮನೆಯ ಮೊಳೆಯಲ್ಲಿ ತೂಗುತ್ತಿರುತ್ತದೆ. ಬಾಗಿಲು ಬಡಿದರೆ ಕಾಫಿಯೂ ಸಿಗುತ್ತದೆ. ಇಲ್ಲಿ ಬಡಿಯಲು ಮನೆಯೇ ಇಲ್ಲ. ಲ್ಯಾಬಿನ ಪ್ರೊಫೆಸರರ ಫೋನು ಮತ್ತೆ ಮತ್ತೆ ಮೊಳಗಿ ಸುಮ್ಮನಾಯಿತು. ರಸ್ತೆಯಾಚೆ ನಿಂತು ನೋಡಿದರೆ ಎರಡನೇ ಮಹಡಿಯ ಕಿಟಕಿಯಲ್ಲಿ ಪೆಟ್ಟಿಗೆಯ ಮೇಲಿನ ದೀಪಗಳು ಉರಿಯುತ್ತಿದ್ದವು. ಚಾವಣಿಯ ತಂತಿಯವಾದ್ದರಿಂದ ಅವಕ್ಕೆ ನಾನು ಕೀಳಲು ಪ್ಲಗ್ಗಿರಲಿಲ್ಲ. ಅಷ್ಟು ಬೆಳಕು, ಒಳಗೆ ಅನಿಲವಿಲ್ಲ; ಆಗ ಬೆಳಕೇ ಅವನ್ನು ಸುಟ್ಟು ಬಿಳಿಚಿಸುತ್ತದೆ. ಹಬ್ಬದ ಬಟ್ಟೆಯ ಜನ ನನ್ನನ್ನು ಸುತ್ತಿಕೊಂಡು ಹೋದರು. ಕಲ್ಲೆಸೆದು ಗಾಜು ಒಡೆಯಲೇ ಎಂದುಕೊಂಡೆ. ಈ ಊರಿನ ರಸ್ತೆಯಲ್ಲಿ ಕಲ್ಲೂ ಇರಲಿಲ್ಲ. ಫುಟ್‌ಪಾತಿನಲ್ಲಿ ಕುಳಿತು ಅತ್ತೆ, ಮೀಸೆ ಬಂದ ಮೇಲೆ ಮೊದಲ ಸಲ.

ಮಂಗಳವಾರ ಹಸಿರೆಲ್ಲ ಹಳೆಯ ಪಂಚೆಯ ಬಣ್ಣಕ್ಕೆ ತಿರುಗಿತ್ತು. ಗುಡುಗಿತೆಂದು ಪ್ಲಗ್ಗು ಕಿತ್ತದ್ದನ್ನು ಒಪ್ಪಿಕೊಂಡಾಗ ಪ್ರೊಫೆಸರರು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

“ನಿಮ್ಮೂರಿನಲ್ಲಿ ಮಿಂಚು ಗೋಡೆಯೊಳಗಿಂದ ಬರುತ್ತದೆಯೇ?” ಎಂದು ನಿಜವಾದ ಕುತೂಹಲದಿಂದ ಕೇಳಿದರು.

“ಬರುತ್ತದೆ” ಎಂದೆ. ಅದು ನಿಜ.

ಸಂಜೆ ಮಾದೇವಿ ಕೇಳಿದಳು: “ಮಿಷೀನು ಉಳ್ಕಂಡ್ವಾ?”

“ಉಳಿದ್ವು.”

“ನೋಡಿ ಮತ್ತೆ! ನನ್ ಮಾತು ಕೇಳಿದ್ರೆ ಎಲ್ಲಾ ನೆಟ್ಟಗಾಯ್ತದೆ. ಚಂದನ ಕೇಳ್ತಾವ್ಳೆ, ಅಲ್ಲಿ ಸ್ವೆಟರ್ ಯಾವ ಬಣ್ಣದ್ದು ಆಕಂತಾರಂತೆ?”

ಎಲ್ಲ ಬಣ್ಣದ್ದೂ ಹಾಕುತ್ತಾರೆ ಎಂದೆ. ನಡೆದದ್ದನ್ನು ಹೇಳಿದ್ದು ಮುಂದಿನ ವಾರ, ಅದೂ ಅವಳ ಮಾತಿನ ಪಾಲನ್ನು ಬಿಟ್ಟು.

ಈಗಲೂ ಗುಡುಗಿದರೆ ನನ್ನ ಕೈ ಪ್ಲಗ್ಗಿನತ್ತ ಹೋಗುತ್ತದೆ, ಕಾಲು ಅಲ್ಲೇ ನಿಲ್ಲುತ್ತದೆ. ಊರಿಗೆ ಹೋದಮೇಲೆ ಎರಡರಲ್ಲಿ ಯಾವುದು ನನ್ನದಾಗಿ ಉಳಿದೀತೋ ಗೊತ್ತಿಲ್ಲ.

ಹೊಸದಾಗಿ ಬೆಳೆಸುವಷ್ಟು ಕಾಲ ಉಳಿದಿರಲಿಲ್ಲ. ಒಪ್ಪಂದ ಮುಂದುವರಿಯಲಿಲ್ಲ. ಚಂದನಳನ್ನು ಗುಂಡ್ಲುಪೇಟೆಯ ಶಾಲೆಯಲ್ಲೇ ಐದನೇ ತರಗತಿಗೆ ಸೇರಿಸಲಾಗಿದೆ.