ಹಾಯಿದೋಣಿಯ ತಳ ನೋಡುವ ಶಶಿರೇಖಾ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸಿರುಗುಪ್ಪದ ಹೊರವಲಯದ ತಗಡಿನ ಶೆಡ್ಡಿನಲ್ಲಿ, ಟ್ರೇಲರ್ ಮೇಲೆ ನಿಂತ ಹಾಯಿದೋಣಿಯ ಕೆಳಗೆ ಶಶಿರೇಖಾ ಅಂಗಾತ ಮಲಗಿದ್ದಾರೆ. ಸೀರೆಯ ಮೇಲೆ ಗಂಡನ ಹಳೆ ಅಂಗಿ, ಮೂಗಿಗೆ ಬಟ್ಟೆ. ಬಿಸಿಲೇರಿತೆಂದರೆ ಫೈಬರ್ ಕೂಡಿಸಲು ಕಲಸಿದ ರೆಸಿನ್ ಅಂಟು ಬಟ್ಟಲಲ್ಲೇ ಕಲ್ಲಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅವರ ದಿನ ಹಾಲಿನವನಿಗಿಂತ ಮೊದಲೇ ಶುರು.

ಮದುವೆಗೆ ಮುಂಚೆ ಅವರು ಬಳ್ಳಾರಿಯ ಫೈಬರ್ ಟ್ಯಾಂಕ್ ಕಾರ್ಖಾನೆಯೊಂದರಲ್ಲಿ ಟ್ಯಾಂಕು ಉಜ್ಜುವ ಕೆಲಸಕ್ಕಿದ್ದರು. ಅಲ್ಲೇ ನೋಡಿ ನೋಡಿ ರೆಸಿನ್ ಹದ ಕಲಿತರು. ಮೈಗೆಲ್ಲ ಫೈಬರ್ ಮುಳ್ಳು, ರಾತ್ರಿಯಿಡೀ ತುರಿಕೆ. ಸಿರುಗುಪ್ಪಕ್ಕೆ ಸೊಸೆಯಾಗಿ ಬಂದ ಮೇಲೆ ಬೆಳೆಗೆ ಹೊಡೆಯುವ ಔಷಧಿಯ ಡ್ರಮ್ಮು, ನೀರಿನ ಟ್ಯಾಂಕು, ಕೊನೆಗೆ ಮೀನುಗಾರರ ಫೈಬರ್ ಹರಿಗೋಲು ರಿಪೇರಿಗೆ ಬಂದವು. ಗಂಡ ತಿಪ್ಪೇಶ ಭತ್ತ ಕೊಯ್ಯುವ ಯಂತ್ರ ಓಡಿಸುತ್ತಾ ಊರೂರು ತಿರುಗುವಾಗ ಶೆಡ್ಡಿಗೆ ಇವರೊಬ್ಬರೇ ದಿಕ್ಕು.

ಹೋದ ವರ್ಷ ಕುರುಗೋಡಿನ ವಿರೂಪಾಕ್ಷಿ ತಮ್ಮ ಹಾಯಿದೋಣಿ ಎಳೆಸಿಕೊಂಡು ಬಂದರು. ನೌಕಾಪಡೆಯಿಂದ ನಿವೃತ್ತರಾದವರು, ಕರಾವಳಿಯಲ್ಲಿ ಹಳೆಯ ದೋಣಿ ಕೊಂಡು, ತುಂಗಭದ್ರಾ ಹಿನ್ನೀರಿನಲ್ಲಿ ಮಕ್ಕಳಿಗೆ ಹಾಯಿದೋಣಿ ನಡೆಸುವುದನ್ನು ಕಲಿಸಹೊರಟಿದ್ದರು. ನೀರಿನ ಆಳ ತೋರಿಸುವ, ದೋಣಿಯ ವೇಗ ಹೇಳುವ ಎರಡು ಸೆನ್ಸರುಗಳನ್ನು ದೋಣಿಯ ತಳ ಕೊರೆದು ಕೂಡಿಸಲಾಗಿತ್ತು. ಎರಡೂ ಕೆಟ್ಟಿದ್ದವು. ಹಿನ್ನೀರಿನಲ್ಲಿ ಕಲ್ಲುಬಂಡೆಗಳು ಮುಳುಗಿರುತ್ತವೆ. ಆಳ ತಿಳಿಯದೆ ಮಕ್ಕಳನ್ನು ಇಳಿಸುವಂತಿರಲಿಲ್ಲ.

"ತೂತು ಮುಚ್ಚಾಕ ಬರ್ತಿತ್ರಿ. ಬೇಕಂತ ದೋಣಿ ತಳಕ್ಕ ತೂತು ಕೊರಿಯೋದು ಅದೇ ಮೊದಲು," ಎಂದು ನಗುತ್ತಾರೆ ಶಶಿರೇಖಾ.

ಒಳಗಿನ ನಟ್ಟು ಬಿಚ್ಚಿ, ಹೊರಗಿನ ಅಂಟನ್ನು ತೆಳು ಬ್ಲೇಡಿನಿಂದ ಸೀಳಿ, ಒಳಗಿನಿಂದ ಮರದ ತುಂಡಿಟ್ಟು ಮೆಲ್ಲಗೆ ಬಡಿದಾಗ ಮೊದಲ ಸೆನ್ಸರ್ ಕಳಚಿ ಕೆಳಗೆ ಬಿತ್ತು. ಅದರ ಹಿಂದೆಯೇ ಕಂದು ನೀರು ಜಿನುಗಿತು. ಎರಡು ಫೈಬರ್ ಪದರಗಳ ನಡುವಿನ ಮರ ಒಳಗೊಳಗೇ ನೆನೆದು ಕೊಳೆತಿತ್ತು.

ದೋಣಿ ಇಳಿಸಲು ಬರುವ ಭಾನುವಾರ ಎಂದು ವಿರೂಪಾಕ್ಷಿ ಎಲ್ಲರಿಗೂ ಹೇಳಿಯಾಗಿತ್ತು. ಸದ್ಯಕ್ಕೆ ಹಾಗೇ ಕೂಡಿಸಿ, ಆಮೇಲೆ ನೋಡೋಣ ಎಂದರು. ಶಶಿರೇಖಾ ಒಪ್ಪಲಿಲ್ಲ.

"ಹಸಿ ಕಟ್ಟಿಗಿ ಮ್ಯಾಲ ಫೈಬರ್ ಹಚ್ಚಿದ್ರ ಹೊರಗ ಚಂದ ಕಾಣ್ತೈತ್ರಿ ಸರ, ಒಳಗ ಕೊಳೀತೈತಿ. ದೋಣಿ ನಿಮ್ಮದು, ಕುಂದ್ರೋರು ಮಕ್ಕಳು. ಒಣಗೋತನಕ ನಾ ಮುಟ್ಟಂಗಿಲ್ಲ."

ವಿರೂಪಾಕ್ಷಿ ಮುನಿದು ಬಳ್ಳಾರಿಗೆ ಹೋದರು. ಎರಡೇ ದಿನದಲ್ಲಿ ಮಾಡಿಕೊಡುವವರೂ ಅಲ್ಲಿ ಸಿಕ್ಕರು. ಮರುದಿನ ದೋಣಿ ಒಯ್ಯಲು ಟ್ರ್ಯಾಕ್ಟರ್ ತಂದಾಗ ಶಶಿರೇಖಾ ಜಗಳಕ್ಕೆ ನಿಲ್ಲಲಿಲ್ಲ. ಆ ತೂತಿನೊಳಗೊಮ್ಮೆ ಬೆರಳಿಟ್ಟು ನೋಡಿ ಹೋಗಿ ಎಂದರು, ಅಷ್ಟೇ. ವಿರೂಪಾಕ್ಷಿ ಬಾಗಿ ಬೆರಳು ಒತ್ತಿದರು. ಮರ ನೆನೆದ ರೊಟ್ಟಿಯಂತೆ ಒಳಹೋಯಿತು. ಬೆರಳು ಒರೆಸಿಕೊಂಡು ಮಕ್ಕಳ ಮನೆಗಳಿಗೆ ಫೋನು ಹಚ್ಚಿ ಕಾರ್ಯಕ್ರಮ ಮುಂದಕ್ಕೆ ಹಾಕಿದರು. ಟ್ರ್ಯಾಕ್ಟರ್ ಬರಿದಾಗಿ ಮರಳಿತು.

ಸಿರುಗುಪ್ಪದ ಬಿಸಿಲು ಉಳಿದ ಕೆಲಸ ಮಾಡಿತು. ಒಣಗಿದ ಮೇಲೆ ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು, ಅಂಚನ್ನು ಇಳಿಜಾರಾಗಿ ತೇಯ್ದು, ಪದರದ ಮೇಲೆ ಪದರ ಫೈಬರ್ ಕೂಡಿಸಿ ಗಟ್ಟಿ ತಳ ಕಟ್ಟಿದರು. ಆಮೇಲೆ ಹೊಸ ಸೆನ್ಸರುಗಳ ಅಳತೆಗೆ ಕೊರೆದರು. "ಡ್ರಿಲ್ ಹಿಡಿಯೋಕಿಂತ ಮೊದಲ ಮೂರು ಸಲ ಅಳತಿ ನೋಡೀನ್ರಿ."

ದೋಣಿ ಹಿನ್ನೀರಿಗೆ ಇಳಿದ ದಿನ ಎಲ್ಲರೂ ದಡದಲ್ಲಿದ್ದರು. ಶಶಿರೇಖಾ ದೋಣಿಯ ಹೊಟ್ಟೆಯೊಳಗಿದ್ದರು. ಸೆನ್ಸರುಗಳ ಸುತ್ತ ರಂಗೋಲಿ ಪುಡಿ ಉದುರಿಸಿ, ಕಣ್ಣು ಕೀಲಿಸಿ ಕೂತಿದ್ದರು. ಒಂದು ಹನಿ ಒಸರಿದರೂ ಬಿಳಿ ಪುಡಿ ನೆನೆದು ಬಣ್ಣಗೆಡುತ್ತಿತ್ತು. ಆಗಲಿಲ್ಲ. ಮೇಲಿನ ಪರದೆಯಲ್ಲಿ ಆಳದ ಅಂಕಿ ಮೂಡಿತೆಂದು ವಿರೂಪಾಕ್ಷಿ ಕೂಗಿ ಹೇಳಿದರೂ ಶಶಿರೇಖಾ ಬಹಳ ಹೊತ್ತು ಏಳಲಿಲ್ಲ.

ಈಗ ಶೆಡ್ಡಿನಲ್ಲಿರುವುದು ಅಂಥ ಎರಡನೆಯ ದೋಣಿ. ವಿರೂಪಾಕ್ಷಿಯೇ ಕಳಿಸಿದ್ದು. ಏನಾದರೂ ಆಸೆ ಇದೆಯೇ ಎಂದರೆ ಶಶಿರೇಖಾ ಕೈಯ ಧೂಳು ಕೊಡವುತ್ತಾ ಯೋಚಿಸುತ್ತಾರೆ.

"ಬರೇ ತಳಾನ ನೋಡೀನ್ರಿ. ಒಮ್ಮೆ ಮ್ಯಾಲ ಕುಂತು, ಹಾಯಿಗೆ ಗಾಳಿ ತುಂಬೋದು ನೋಡಬೇಕು."

ಅವರಿಗೆ ಈಜು ಬಾರದು. ಹೆದರಿಕೆಯಾಗುವುದಿಲ್ಲವೇ?

"ಯಾಕ ಹೆದರ್ಲಿ? ತಳ ನಾನ ಕಟ್ಟೀನಲ್ರಿ."